ಚಕ್ರವರ್ತಿಗೆ ಕೇಳುವಂತೆ ಕೂಗುವುದು

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

“ಬೇಕಾದ್ದೆಲ್ಲ ಇದೆ, ಎಲ್ಲವೂ ತುಟ್ಟಿ!”

ಇದು ಕ್ರಿ.ಶ. 362ರಲ್ಲಿ ಸಿರಿಯಾದ ಅಂತಿಯೋಕ್ಯ ನಗರದ ರಂಗಮಂದಿರದಲ್ಲಿ ಎದ್ದ ಕೂಗು. ಆಗಷ್ಟೇ ಊರಿಗೆ ಬಂದಿಳಿದಿದ್ದ ರೋಮನ್ ಚಕ್ರವರ್ತಿ ಜೂಲಿಯನ್‌ನ ಕಿವಿಗೆ ಬೀಳಲೆಂದೇ ಜನ ಹೀಗೆ ಕೂಗಿದರು. ನಮಗೆ ಇದು ಗೊತ್ತಾಗಿರುವುದೂ ಅವನಿಂದಲೇ, ಅವನೇ ಬರೆದಿಟ್ಟಿದ್ದಾನೆ. ಜೂಲಿಯನ್ ಊರಿನ ಸಿರಿವಂತರನ್ನು ಕರೆಸಿ ಬುದ್ಧಿ ಹೇಳಿದ, ಮೂರು ತಿಂಗಳು ಕಾದ, ಏನೂ ಆಗದಿದ್ದಾಗ ತಾನೇ ಬೆಲೆ ಕಟ್ಟಿದ. ಹತ್ತಿರದ ಊರುಗಳಿಂದ 4 ಲಕ್ಷ ಅಳತೆ ಧಾನ್ಯ ತರಿಸಿ, ಹತ್ತು ಅಳತೆಯ ಬೆಲೆಗೆ ಹದಿನೈದು ಅಳತೆ ಸಿಗುವಂತೆ ಮಾಡಿದ. ಮುಂದೇನಾಯಿತು ಎಂದು ನೀವೇ ಊಹಿಸಬಲ್ಲಿರಿ. ದುಡ್ಡಿದ್ದವರು ಧಾನ್ಯವನ್ನು ಗುಟ್ಟಾಗಿ ಹಳ್ಳಿ ಕಡೆ ಹೆಚ್ಚಿನ ಬೆಲೆಗೆ ಮಾರಿಕೊಂಡರು. ಬಡವರ ಪಾಡು ಮೊದಲಿನಂತೆಯೇ ಉಳಿಯಿತು, ಶ್ರೀಮಂತರಿಗೆ ಸಿಟ್ಟು ಬಂತು. ಎರಡೂ ಕಡೆಯವರು ಸೇರಿ ಚಕ್ರವರ್ತಿಯ ಗಡ್ಡದ ಮೇಲೆ ಪದ ಕಟ್ಟಿ ಹಾಡಿದರು.

ಜೂಲಿಯನ್ ಸೈನಿಕರನ್ನು ಛೂ ಬಿಡಲಿಲ್ಲ. ಕೂತು ಒಂದು ವಿಡಂಬನೆ ಬರೆದ. ತನ್ನನ್ನೇ ಬೈದುಕೊಳ್ಳುವ ನೆಪದಲ್ಲಿ ಊರನ್ನೆಲ್ಲ ಬೈಯುವ ಬರಹ ಅದು. ಎಲ್ಲರೂ ಓದಲೆಂದು ಅದನ್ನು ಅರಮನೆಯ ಹೊರಗೆ ಹಾಕಿಸಿದ. ಮುಂದಿನ ಚಳಿಗಾಲಕ್ಕೆ ನಿಮ್ಮೂರಿಗೆ ಬರುವುದಿಲ್ಲ, ತಾರ್ಸಕ್ಕೆ ಹೋಗುತ್ತೇನೆ ಎಂದು ಮುನಿಸಿಕೊಂಡು 363ರ ಮಾರ್ಚಿನಲ್ಲಿ ಪರ್ಷಿಯಾದ ಮೇಲೆ ದಂಡೆತ್ತಿ ಹೋದ. ಜೂನ್‌ನಲ್ಲಿ ಯುದ್ಧದಲ್ಲೇ ಸತ್ತ. ಹೇಳಿದಂತೆ ತಾರ್ಸಕ್ಕೆ ಹೋದದ್ದು ಅವನ ಹೆಣ. ಅವನನ್ನು ಅಲ್ಲೇ ಹೂಳಿದರು.

ಇಂಥ ಕೂಗುಗಳ ಬಗ್ಗೆ ಇವತ್ತು ಸ್ವಲ್ಪ ಮಾತಾಡಬೇಕೆಂದಿದ್ದೇನೆ. ನಾಲ್ಕನೇ ಶತಮಾನದಿಂದ ಆರನೇ ಶತಮಾನದವರೆಗಿನ ರೋಮನ್ ಸಾಮ್ರಾಜ್ಯ ಎಂದರೆ ನಮ್ಮ ಕಣ್ಣಮುಂದೆ ಬರುವುದು ದೇವರ ಸಮಾನನಾದ ಚಕ್ರವರ್ತಿ, ಅವನ ಮುಂದೆ ಅಡ್ಡಬೀಳುವ ಆಸ್ಥಾನ, ತುಟಿ ಬಿಚ್ಚದ ಪ್ರಜೆಗಳು. ಮೊದಲ ಎರಡು ನಿಜ. ಮೂರನೆಯದು ಸುಳ್ಳು. ಆ ಪ್ರಜೆಗಳಷ್ಟು ಗದ್ದಲದ ಪ್ರಜೆಗಳು ಪ್ರಾಚೀನ ಜಗತ್ತಿನಲ್ಲಿ ಬೇರೆ ಕಡೆ ಇದ್ದರೋ ಇಲ್ಲವೋ. ಅದಕ್ಕಿಂತ ಮುಖ್ಯವಾದ ಸಂಗತಿ, ಆ ಗದ್ದಲಕ್ಕೆ ಸರ್ಕಾರದ ಒಪ್ಪಿಗೆಯ ಮುದ್ರೆ ಇತ್ತು. 331ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಹೊರಡಿಸಿದ ಒಂದು ಕಾನೂನು ಥಿಯೊಡೋಸಿಯನ್ ಸಂಹಿತೆ ಎಂಬ ರೋಮನ್ ಕಾನೂನುಗಳ ಸಂಗ್ರಹದಲ್ಲಿ ಉಳಿದಿದೆ. ಒಳ್ಳೆಯ ಪ್ರಾಂತಾಧಿಕಾರಿಗೆ ಜನ ಸಾರ್ವಜನಿಕವಾಗಿ ಜಯಕಾರ ಹಾಕಲಿ, ಕೆಟ್ಟವನ ಮೇಲೆ ಕೂಗಿ ದೂರು ಹೇಳಲಿ, ಆ ಕೂಗುಗಳನ್ನು ಮೇಲಧಿಕಾರಿಗಳು ನಮಗೆ ವರದಿ ಮಾಡಲಿ ಎನ್ನುತ್ತದೆ ಅದು. ಅದರಲ್ಲೇ ಒಂದು ಎಚ್ಚರಿಕೆಯೂ ಇದೆ: ಕೂಗು ನಿಜವಾದದ್ದೋ, ಯಾರೋ ಹಿಂಬಾಲಕರಿಂದ ಹೊರಡಿಸಿದ್ದೋ ಎಂದು ವಿಚಾರಿಸಿ ನೋಡುತ್ತೇವೆ ಎಂದು.

ಆ ಎಚ್ಚರಿಕೆಗೆ ಕಾರಣವಿತ್ತು. ಅಂತಿಯೋಕ್ಯದ ರಂಗಮಂದಿರದಲ್ಲಿ ಬಾಡಿಗೆ ಚಪ್ಪಾಳೆಗಾರರ ಒಂದು ಪಡೆಯೇ ಇತ್ತು. ನಟರಿಗೆ, ನರ್ತಕರಿಗೆ ಜಯಕಾರ ಹಾಕುವುದು ಅವರ ಹೊಟ್ಟೆಪಾಡು. ಸುಮಾರು 400 ಮಂದಿ ಎನ್ನುತ್ತಾನೆ ಲಿಬಾನಿಯಸ್. ಈತ ಅದೇ ಊರಿನ ಪ್ರಸಿದ್ಧ ವಾಗ್ಮಿ, ಹಳೆಯ ದೇವರುಗಳನ್ನು ಬಿಡದ ಮುದುಕ, ಈ ಚಪ್ಪಾಳೆಗಾರರನ್ನು ಕಂಡರೆ ಉರಿದು ಬೀಳುತ್ತಿದ್ದವನು. ಪ್ರಾಂತಾಧಿಕಾರಿ ರಂಗಮಂದಿರಕ್ಕೆ ಬಂದಾಗ ಇವರು ಜಯಕಾರ ಹಾಕದೆ ಸುಮ್ಮನೆ ಕೂತರೆ ಸಾಕು, ಅಧಿಕಾರಿಯ ಮುಖ ಬಿಳುಚಿಕೊಳ್ಳುತ್ತಿತ್ತು. ಆ ಮೌನವೂ ರಾಜಧಾನಿಗೆ ವರದಿಯಾಗುತ್ತದೆ ಎಂಬ ಭಯ. ಹೀಗೆ ಭಯಪಡುತ್ತಿದ್ದ ಒಬ್ಬ ಅಧಿಕಾರಿಗೆ ಧೈರ್ಯ ಹೇಳಲೆಂದು ಲಿಬಾನಿಯಸ್ ಒಂದು ಇಡೀ ಭಾಷಣ ಬರೆದಿದ್ದಾನೆ.

ಅಂದರೆ ಜನರ ದನಿಗೆ ಆ ವ್ಯವಸ್ಥೆಯಲ್ಲಿ ಜಾಗ ಇತ್ತು. ಆದರೆ ಆ ದನಿಗೆ ಇದ್ದದ್ದು ಒಂದೇ ರೂಪ, ಎಲ್ಲರೂ ಒಟ್ಟಿಗೆ ಕೂಗುವುದು. ಕೂತು ಚೌಕಾಸಿ ಮಾಡಲು, ಇಷ್ಟು ಬಿಟ್ಟುಕೊಡುತ್ತೇವೆ ಅಷ್ಟು ನೀವು ಬಿಡಿ ಎನ್ನಲು ಸಾಮಾನ್ಯನಿಗೆ ಒಂದು ಕಟ್ಟೆಯೂ ಇರಲಿಲ್ಲ. ಕೂಗಿಗೆ ಉತ್ತರ ಬರದಿದ್ದರೆ ಇನ್ನೂ ಜೋರಾಗಿ ಕೂಗಬೇಕು, ಅದಕ್ಕೂ ಬರದಿದ್ದರೆ ಕಲ್ಲು ಎತ್ತಿಕೊಳ್ಳಬೇಕು. ಚಕ್ರವರ್ತಿಯ ಕಡೆಯಿಂದಲೂ ಹಾಗೆಯೇ. ಅವನು ಕೊಡಬಹುದಾಗಿದ್ದ ಉತ್ತರ ಎರಡೇ: ಕ್ಷಮೆ, ಇಲ್ಲವೇ ಕತ್ತಿ. ಇವೆರಡೂ ಬೇರೆ ಬೇರೆ ಗುಣಗಳೆಂದು ಚರಿತ್ರೆಯನ್ನು ಓದುವವರು ನಂಬುತ್ತಾರೆ. ದಯಾಳು ಚಕ್ರವರ್ತಿ, ಕ್ರೂರ ಚಕ್ರವರ್ತಿ ಎಂದು ಪಟ್ಟಿ ಮಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವೆರಡೂ ಒಂದೇ ಕೈಯಲ್ಲಿದ್ದವು. ಅದನ್ನು ತೋರಿಸಲು ಒಬ್ಬನೇ ಚಕ್ರವರ್ತಿಯನ್ನು, ಮೂರು ವರ್ಷದ ಅಂತರದ ಎರಡು ಗಲಭೆಗಳನ್ನು ತೆಗೆದುಕೊಳ್ಳುತ್ತೇನೆ.

ಮೊದಲನೆಯದು 387ರ ಅಂತಿಯೋಕ್ಯ. ಬೈಬಲ್ ಓದಿದವರಿಗೆ ಈ ಊರಿನ ಹೆಸರು ಗೊತ್ತು. ಯೇಸುವಿನ ಶಿಷ್ಯರನ್ನು ಮೊದಲು ‘ಕ್ರೈಸ್ತರು’ ಎಂದು ಕರೆದದ್ದು ಇಲ್ಲೇ ಎಂದು ಅಪೊಸ್ತಲರ ಕೃತ್ಯಗಳಲ್ಲಿ ಬರುತ್ತದೆ. ಇಂದು ಟರ್ಕಿಯಲ್ಲಿರುವ ಅಂಟಾಕ್ಯ ಅದೇ ಊರು. ಒರಾಂಟಿಸ್ ನದಿಯ ದಡದ ಆ ನಗರದಲ್ಲಿ ಎರಡು ಲಕ್ಷ ಜನರಿದ್ದರು ಎನ್ನುತ್ತಾನೆ ಅಲ್ಲಿನ ಪಾದ್ರಿ ಜಾನ್ ಕ್ರಿಸೊಸ್ತೋಮ್. ಊರಿನವರಿಗೆ ಎರಡು ವಿಷಯದಲ್ಲಿ ಬಹಳ ಜಂಬ. ರಾತ್ರಿ ಬೀದಿಗಳಲ್ಲಿ ಉರಿಯುವ ದೀಪಗಳು ಒಂದು, ಸ್ನಾನಗೃಹಗಳು ಇನ್ನೊಂದು. ಈ ಎರಡೂ ಕಥೆಯಲ್ಲಿ ಬರುತ್ತವೆ.

ಆ ವರ್ಷ ಫೆಬ್ರವರಿಯ ಕೊನೆಯಲ್ಲಿ ಥಿಯೊಡೋಸಿಯಸ್ ಚಕ್ರವರ್ತಿಯ ಆಜ್ಞಾಪತ್ರವನ್ನು ನ್ಯಾಯಸ್ಥಾನದಲ್ಲಿ ಓದಿದರು. ಹೊಸ ತೆರಿಗೆ, ಅದೂ ಚಿನ್ನದಲ್ಲಿ ಕೊಡಬೇಕಾದದ್ದು. ಮೊದಲು ಗೋಳಾಡಿದವರು ಬಡವರಲ್ಲ, ನಗರಸಭೆಯ ಸದಸ್ಯರು. ಇದನ್ನು ಗಮನಿಸಬೇಕು. ತೆರಿಗೆ ವಸೂಲಿ ಮಾಡಿಕೊಡುವ ಹೊಣೆ ಅವರದು. ವಸೂಲಾಗದೆ ಉಳಿದದ್ದನ್ನು ಅವರೇ ತಮ್ಮ ಗಂಟಿನಿಂದ ಭರ್ತಿ ಮಾಡಬೇಕಿತ್ತು. ಅವರು ಪ್ರಾಂತಾಧಿಕಾರಿಯ ಎದುರೇ ಕಣ್ಣೀರು ಹಾಕಿ, ದೇವರೇ ಕಾಪಾಡು ಎಂದು ಕೂಗಿದರು. ಕೂಗು ಹೊರಗಿದ್ದ ಜನರಿಗೆ ಹಬ್ಬಿತು. ಗುಂಪು ಬಿಷಪ್ ಫ್ಲೇವಿಯನ್‌ನ ಮನೆಗೆ ಹೋಯಿತು, ಚಕ್ರವರ್ತಿಗೆ ನಮ್ಮ ಪರವಾಗಿ ಹೇಳು ಎನ್ನಲು. ಬಿಷಪ್ ಮನೆಯಲ್ಲಿರಲಿಲ್ಲ. ಅವನು ಇದ್ದಿದ್ದರೆ ಏನಾಗುತ್ತಿತ್ತೋ! ಗುಂಪು ವಾಪಸು ತಿರುಗಿತು, ಈಗ ಚಪ್ಪಾಳೆಗಾರರ ಪಡೆ ಮುಂದಾಳಾಗಿತ್ತು. ಸ್ನಾನಗೃಹದ ಬಳಿ ತೂಗುತ್ತಿದ್ದ ದೀಪಗಳ ಹಗ್ಗಗಳನ್ನು ಕೊಯ್ದರು. ಆಮೇಲೆ ಕಣ್ಣು ಬಿದ್ದದ್ದು ಚಕ್ರವರ್ತಿಯ ಚಿತ್ರಗಳ ಮೇಲೆ.

ಚಿತ್ರ ಎಂದರೆ ನಾವು ಗೋಡೆಗೆ ನೇತುಹಾಕುವ ಫೋಟೋ ಅಂದುಕೊಳ್ಳಬೇಡಿ. ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದಾಗ ಅವನ ಚಿತ್ರಗಳು ಊರೂರಿಗೆ ಮೆರವಣಿಗೆಯಲ್ಲಿ ಬರುತ್ತಿದ್ದವು, ಜನ ದೀಪ ಧೂಪ ಹಿಡಿದು ಎದುರುಗೊಳ್ಳುತ್ತಿದ್ದರು. ನ್ಯಾಯಾಧೀಶ ತೀರ್ಪು ಕೊಡುವಾಗ ಚಕ್ರವರ್ತಿಯ ಚಿತ್ರ ಅಲ್ಲಿರಬೇಕಿತ್ತು. ಹಿಂದಿನ ವರ್ಷ, 386ರಲ್ಲಿ, ಇದೇ ಥಿಯೊಡೋಸಿಯಸ್ ಒಂದು ಕಾನೂನು ಮಾಡಿದ್ದ: ಯಾರಾದರೂ ಚಕ್ರವರ್ತಿಯ ಪ್ರತಿಮೆಯ ಬಳಿ ಓಡಿಬಂದು ಆಶ್ರಯ ಪಡೆದರೆ ಹತ್ತು ದಿನ ಅವರನ್ನು ಎಳೆದೊಯ್ಯುವಂತಿಲ್ಲ. ಪ್ರತಿಮೆ ಇದ್ದಲ್ಲಿ ಚಕ್ರವರ್ತಿ ಇದ್ದ ಹಾಗೆ. ಅಂದ ಮೇಲೆ ಪ್ರತಿಮೆಗೆ ಬಿದ್ದ ಕಲ್ಲು ಯಾರಿಗೆ ಬಿತ್ತು?

ಮೊದಲು ಮರದ ಹಲಗೆಯ ಮೇಲಿನ ಚಿತ್ರಗಳಿಗೆ ಕಲ್ಲು ಬಿತ್ತು. ಅವು ಒಡೆಯುವುದನ್ನು ಕಂಡು ಜನ ನಕ್ಕರು. ಆಮೇಲೆ ಕಂಚಿನ ಪ್ರತಿಮೆಗಳು. ಚಕ್ರವರ್ತಿಯದು, ತೀರಿಕೊಂಡು ಹೆಚ್ಚು ಕಾಲವಾಗಿರದ ಪತ್ನಿ ಫ್ಲಾಸಿಲ್ಲಾಳದು, ಮಕ್ಕಳದು, ಕುದುರೆ ಏರಿದ್ದ ತಂದೆಯದು. ಹಗ್ಗ ಹಾಕಿ ಕೆಡವಿ ಬೀದಿಯಲ್ಲಿ ಎಳೆದಾಡಿದರು. ಒಬ್ಬ ಪ್ರಮುಖನ ಮನೆಗೆ ಬೆಂಕಿ ಇಟ್ಟರು. ಅಷ್ಟರಲ್ಲಿ ಬಿಲ್ಲುಗಾರರು ಬಂದರು, ಒಂದೆರಡು ಬಾಣ ಬಿಟ್ಟರು, ಗುಂಪು ಚದುರಿತು. ಮಧ್ಯಾಹ್ನದ ಹೊತ್ತಿಗೆಲ್ಲ ಮುಗಿದಿತ್ತು.

ಗಲಭೆ ಅರ್ಧ ದಿನದ್ದು. ಅದರ ನಂತರದ ಭಯ ಹಲವು ವಾರಗಳದು, ಮತ್ತು ನನ್ನ ಮಟ್ಟಿಗೆ ಕಥೆ ಇರುವುದೇ ಅಲ್ಲಿ. ಕೈಗೆ ಸಿಕ್ಕವರನ್ನು ಸ್ಥಳೀಯ ಅಧಿಕಾರಿಗಳು ಕೂಡಲೇ ಕೊಂದರು: ಕೆಲವರನ್ನು ಕತ್ತಿಯಿಂದ, ಕೆಲವರನ್ನು ಬೆಂಕಿಯಲ್ಲಿ, ಕೆಲವರನ್ನು ಕಾಡುಮೃಗಗಳಿಗೆ ಹಾಕಿ. ಮಕ್ಕಳನ್ನೂ ಬಿಡಲಿಲ್ಲ. ಊರಿನವರಲ್ಲಿ ಬಹಳ ಮಂದಿ ಗಂಟುಮೂಟೆ ಕಟ್ಟಿ ಬೆಟ್ಟ ಹತ್ತಿದರು. ಉಳಿದವರು ಚರ್ಚಿಗೆ ಬಂದರು. ಅಲ್ಲಿ ಪಾದ್ರಿಯಾಗಿ ಒಂದು ವರ್ಷವಷ್ಟೇ ಆಗಿದ್ದ ಜಾನ್ ಕ್ರಿಸೊಸ್ತೋಮ್ ಏಳು ದಿನ ಸುಮ್ಮನಿದ್ದು, ಆಮೇಲೆ ಬಾಯಿ ತೆರೆದ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದುದ್ದಕ್ಕೂ ಅವನು ಮಾಡಿದ ಪ್ರವಚನಗಳಲ್ಲಿ 21 ನಮಗೆ ಸಿಕ್ಕಿವೆ. ಪ್ರಾಚೀನ ನಗರವೊಂದರ ಭಯವನ್ನು ವಾರದಿಂದ ವಾರಕ್ಕೆ ಹೀಗೆ ದಾಖಲಿಸಿದ್ದು ಬಹಳ ಅಪರೂಪ. ಸಂತೆಗಟ್ಟೆಯಲ್ಲಿ ಮೌನ, ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಮಾತಾಡಲು ಹೆದರುತ್ತಾರೆ. ಇಷ್ಟರ ನಡುವೆಯೂ ಕ್ರಿಸೊಸ್ತೋಮ್ ತನ್ನ ಇಷ್ಟದ ವಿಷಯ ಬಿಡುವುದಿಲ್ಲ. ಆಣೆ ಪ್ರಮಾಣ ಮಾಡಬೇಡಿ, ಮಾತು ಮಾತಿಗೂ ದೇವರಾಣೆ ಎನ್ನಬೇಡಿ ಎಂದು ಪ್ರವಚನದ ಮೇಲೆ ಪ್ರವಚನ. ತಲೆ ಉಳಿಯುತ್ತದೋ ಇಲ್ಲವೋ ಎಂದು ನಡುಗುತ್ತಿದ್ದ ಆ ಜನ ಇದನ್ನು ಹೇಗೆ ಕೇಳಿಸಿಕೊಂಡರೋ ಎಂದು ಓದುವಾಗಲೆಲ್ಲ ನನಗೆ ಅನಿಸುತ್ತದೆ.

ಹೀಗೆ ಒಂದೇ ಗಲಭೆಗೆ ಇಬ್ಬರು ದೊಡ್ಡ ಸಾಕ್ಷಿಗಳು ಸಿಕ್ಕಿದ್ದಾರೆ: ಕ್ರೈಸ್ತ ಪಾದ್ರಿ ಒಬ್ಬ, ಹಳೆಯ ಧರ್ಮದ ವಾಗ್ಮಿ ಇನ್ನೊಬ್ಬ. ಇಬ್ಬರಿಗೂ ಪರಸ್ಪರ ಆಗಿಬರದು. ಆದರೆ ಒಂದು ಮಾತಿನಲ್ಲಿ ಇಬ್ಬರೂ ಒಂದೇ: ಇದು ನಮ್ಮ ಊರಿನವರ ಕೆಲಸವಲ್ಲ. ಪರಸ್ಥಳದ ಪುಂಡರು ಮಾಡಿದ್ದು ಎನ್ನುತ್ತಾನೆ ಕ್ರಿಸೊಸ್ತೋಮ್. ಲಿಬಾನಿಯಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗುಂಪನ್ನು ಹುರಿದುಂಬಿಸುತ್ತಿದ್ದ ಒಬ್ಬ ಮುದುಕ ಕಣ್ಣೆದುರೇ ಯುವಕನಾಗಿ, ಆಮೇಲೆ ಹುಡುಗನಾಗಿ, ಕೊನೆಗೆ ಮಾಯವಾದ ಎಂದು ದೆವ್ವದ ಕಥೆ ಹೇಳುತ್ತಾನೆ. ಹಿಂದಿನ ರಾತ್ರಿ ಚಾಟಿ ಬೀಸುತ್ತಾ ಊರಿನ ಮೇಲೆ ಹಾರಿಹೋದ ದೈತ್ಯ ಹೆಂಗಸಿನ ಕಥೆಯನ್ನು ಚರ್ಚಿನ ಚರಿತ್ರೆಕಾರ ಸೊಜೊಮೆನ್ ಬರೆದಿದ್ದಾನೆ. ‘ಹೊರಗಿನವರ ಕೈವಾಡ’ ಎನ್ನುವ ಹೇಳಿಕೆಗೆ ಬಹಳ ವಯಸ್ಸಾಗಿದೆ. ಅದನ್ನು ಕೇಳಿ ನಗಬಹುದು. ಆದರೆ ಅದರ ಉಪಯೋಗವನ್ನೂ ಕಾಣಬೇಕು. ತಪ್ಪು ದೆವ್ವದ್ದಾದರೆ ಊರು ಕ್ಷಮೆ ಕೇಳಬಹುದು, ಚಕ್ರವರ್ತಿ ಮುಖ ಉಳಿಸಿಕೊಂಡು ಕ್ಷಮಿಸಬಹುದು. ತೆರಿಗೆಯ ಮಾತನ್ನು ಯಾರೂ ಎತ್ತಬೇಕಾಗಿಲ್ಲ.

ಮುದಿ ಬಿಷಪ್ ಫ್ಲೇವಿಯನ್, ಸಾಯುವ ಸ್ಥಿತಿಯಲ್ಲಿದ್ದ ತಂಗಿಯನ್ನು ಬಿಟ್ಟು, ಚಳಿಯಲ್ಲೇ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟ. ಆ ಕಡೆಯಿಂದ ಚಕ್ರವರ್ತಿಯ ಇಬ್ಬರು ತನಿಖಾಧಿಕಾರಿಗಳು ಈ ಕಡೆಗೆ ಹೊರಟಿದ್ದರು. ಅರಮನೆಯ ಆಡಳಿತದ ಮುಖ್ಯಸ್ಥ ಸಿಸೇರಿಯಸ್, ದಂಡನಾಯಕ ಹೆಲ್ಲೆಬಿಕಸ್. ಅವರು ತಂದ ಶಿಕ್ಷೆ ಊರಿನ ಮರ್ಮಕ್ಕೇ ತಾಗುವಂಥದ್ದು. ಅಂತಿಯೋಕ್ಯಕ್ಕಿದ್ದ ಪ್ರಾಂತ್ಯದ ರಾಜಧಾನಿ ಪಟ್ಟ ರದ್ದು, ಇನ್ನು ಮುಂದೆ ಅದು ಪಕ್ಕದ ಲವೊದಿಕೀಯದ ಅಧೀನ. ರಂಗಮಂದಿರ, ರಥಪಂದ್ಯದ ಮೈದಾನ, ಸ್ನಾನಗೃಹಗಳಿಗೆ ಬೀಗ. ಬಡವರಿಗೆ ಕೊಡುತ್ತಿದ್ದ ರೊಟ್ಟಿ ಬಂದ್. ಜನ ಸ್ನಾನಕ್ಕೆ ನದಿಗೆ ಇಳಿದರು, ಅಲ್ಲಿ ನಡೆದ ಕುಣಿದಾಟಕ್ಕೂ ಕ್ರಿಸೊಸ್ತೋಮ್‌ನಿಂದ ಬೈಸಿಕೊಂಡರು. ರಂಗಮಂದಿರ ಮುಚ್ಚಿದ್ದು ಅವನಿಗೆ ಒಳಗೊಳಗೇ ಖುಷಿ, ಅದನ್ನು ಅವನು ಅಷ್ಟಾಗಿ ಮುಚ್ಚಿಡುವುದೂ ಇಲ್ಲ.

ಆಮೇಲೆ ವಿಚಾರಣೆ. ಈ ಸಲ ಕಟಕಟೆಗೆ ಬಂದವರು ನಗರಸಭೆಯ ಸದಸ್ಯರು, ಊರಿನ ದೊಡ್ಡ ಮನೆತನದವರು. ಒಳಗೆ ಚಾಟಿಯೇಟಿನ ಸದ್ದು. ಹೊರಗೆ ಬಾಗಿಲಲ್ಲಿ ಅವರ ತಾಯಂದಿರು, ಅಕ್ಕತಂಗಿಯರು ಬೂದಿ ಮೆತ್ತಿಕೊಂಡು ನೆಲದಲ್ಲಿ ಬಿದ್ದಿದ್ದಾರೆ. ಮೊನ್ನೆ ಮೊನ್ನೆಯವರೆಗೆ ಆಳುಕಾಳಿನ ನಡುವೆ ಓಡಾಡುತ್ತಿದ್ದ ಹೆಂಗಸರು ಅವರು. ಆ ಹೊತ್ತಿಗೆ ಸುತ್ತಲ ಬೆಟ್ಟಗಳ ಗುಹೆಗಳಿಂದ ಸನ್ಯಾಸಿಗಳು ಇಳಿದು ಬಂದರು. ಅವರಲ್ಲಿ ಮ್ಯಾಸಿಡೋನಿಯಸ್ ಎಂಬೊಬ್ಬ, ಗ್ರೀಕ್ ಬಾರದ, ಸಿರಿಯಾಕ್ ಮಾತ್ರ ಆಡುವ ತಪಸ್ವಿ. ತನಿಖಾಧಿಕಾರಿಯ ಬಟ್ಟೆ ಹಿಡಿದು ಕುದುರೆಯಿಂದ ಇಳಿಯಲು ಹೇಳಿದನಂತೆ. ಹರಕು ಬಟ್ಟೆಯ ಈ ಮುದುಕ ಯಾರೆಂದು ಮೊದಲು ಅವರಿಗೆ ಸಿಟ್ಟು ಬಂತು. ಯಾರೆಂದು ತಿಳಿದ ಮೇಲೆ ಇಳಿದು ಕಾಲಿಗೆರಗಿದರು. ಅವನು ಹೇಳಿದ್ದು, ಕಂಚಿನ ಪ್ರತಿಮೆ ಹೋದರೆ ಇನ್ನೊಂದು ಎರಕ ಹೊಯ್ಯಬಹುದು, ಕೊಂದ ಮನುಷ್ಯನ ತಲೆಯ ಒಂದು ಕೂದಲನ್ನಾದರೂ ನಿಮ್ಮ ಚಕ್ರವರ್ತಿ ಮತ್ತೆ ಮಾಡಬಲ್ಲನೇ ಎಂದು. ಪ್ರತಿಮೆಯೇ ಚಕ್ರವರ್ತಿ ಎನ್ನುವ ಇಡೀ ಸಿದ್ಧಾಂತವನ್ನು ಈ ಅನಕ್ಷರಸ್ಥ ಒಂದೇ ಮಾತಿನಲ್ಲಿ ಮಗುಚಿಹಾಕಿದ.

ಅಧಿಕಾರಿಗಳು ಶಿಕ್ಷೆಯನ್ನು ತಡೆಹಿಡಿದರು. ಹೆಲ್ಲೆಬಿಕಸ್ ಊರಲ್ಲೇ ಉಳಿದ, ಸಿಸೇರಿಯಸ್ ಹಗಲು ರಾತ್ರಿ ನಿಲ್ಲದೆ ಓಡಿ ವಾರದೊಳಗೆ ರಾಜಧಾನಿ ಮುಟ್ಟಿದ. ಊರನ್ನು ಉಳಿಸಿದವರು ಈ ಇಬ್ಬರು ಅಧಿಕಾರಿಗಳು ಎಂದು ಲಿಬಾನಿಯಸ್ ಹೊಗಳಿಕೆಯ ಭಾಷಣಗಳನ್ನೇ ಬರೆದ. ಇಲ್ಲ, ಉಳಿಸಿದವರು ಬಿಷಪ್ ಮತ್ತು ಸನ್ಯಾಸಿಗಳು, ಗಡ್ಡ ಬಿಟ್ಟ ತತ್ವಜ್ಞಾನಿಗಳೆಲ್ಲ ಆಗ ಎಲ್ಲಿ ಅಡಗಿದ್ದರು ಎಂದು ಕ್ರಿಸೊಸ್ತೋಮ್ ಕೇಳುತ್ತಾನೆ. ಯಾರನ್ನು ಉದ್ದೇಶಿಸಿದ ಮಾತು ಎಂದು ಹೇಳಬೇಕಾಗಿಲ್ಲ.

ಅರಮನೆಯ ದೃಶ್ಯವನ್ನು ಕ್ರಿಸೊಸ್ತೋಮ್ ಕೊನೆಯ ಪ್ರವಚನದಲ್ಲಿ ವರ್ಣಿಸುತ್ತಾನೆ. ಫ್ಲೇವಿಯನ್ ದೂರದಲ್ಲೇ ತಲೆತಗ್ಗಿಸಿ, ತಾನೇ ತಪ್ಪು ಮಾಡಿದವನಂತೆ ಅಳುತ್ತಾ ನಿಂತ. ಚಕ್ರವರ್ತಿ ತಾನಾಗಿ ಹತ್ತಿರ ಬಂದು, ಕೋಪಕ್ಕಿಂತ ಹೆಚ್ಚಾಗಿ ನೊಂದವನಂತೆ, ನಾನು ಆ ಊರಿಗೆ ಏನು ಕಡಿಮೆ ಮಾಡಿದ್ದೆ, ಸತ್ತವರನ್ನೂ ಬಿಡದೆ ಅವಮಾನಿಸಿದರಲ್ಲ ಎಂದ. ಆಗ ಬಿಷಪ್ ಹೇಳಿದ ಮಾತುಗಳಲ್ಲಿ ಒಂದು ಕಥೆ ಬರುತ್ತದೆ. ಹಿಂದೆ ಕಾನ್‌ಸ್ಟಂಟೈನ್‌ನ ಪ್ರತಿಮೆಗೆ ಯಾರೋ ಕಲ್ಲು ಹೊಡೆದಿದ್ದರು. ಮುಖವೆಲ್ಲ ಜಜ್ಜಿಹೋಗಿದೆ, ಶಿಕ್ಷಿಸಿ ಎಂದು ಆಸ್ಥಾನಿಕರು ಕಿವಿಯೂದಿದರು. ಚಕ್ರವರ್ತಿ ತನ್ನ ಮುಖವನ್ನು ಕೈಯಿಂದ ಸವರಿಕೊಂಡು ನಕ್ಕು, ಎಲ್ಲೂ ಗಾಯ ಕಾಣುತ್ತಿಲ್ಲವಲ್ಲ ಎಂದನಂತೆ. ಸೊಜೊಮೆನ್ ಇನ್ನೊಂದು ವಿವರ ಸೇರಿಸುತ್ತಾನೆ. ಚಕ್ರವರ್ತಿಯ ಊಟದ ಹೊತ್ತಿಗೆ ಹಾಡುವ ಹುಡುಗರಿಗೆ ಫ್ಲೇವಿಯನ್ ಅಂತಿಯೋಕ್ಯದ ಶೋಕದ ಪ್ರಾರ್ಥನಾಗೀತೆ ಕಲಿಸಿ ಹಾಡಿಸಿದ. ಕೇಳಿದ ಥಿಯೊಡೋಸಿಯಸ್‌ನ ಕಣ್ಣೀರು ಕೈಯಲ್ಲಿದ್ದ ಬಟ್ಟಲಿಗೆ ಬಿತ್ತು. ಊರಿಗೆ ಕ್ಷಮೆ ಸಿಕ್ಕಿತು. ಫ್ಲೇವಿಯನ್ ಈಸ್ಟರ್ ಹೊತ್ತಿಗೆ ಮರಳಿದ, ಬೀದಿಗಳಿಗೆ ದೀಪ ಹಚ್ಚಿದರು, ಹೂಮಾಲೆ ಕಟ್ಟಿದರು.

ಇದೊಂದು ಅಚ್ಚುಕಟ್ಟಾದ ಕಥೆ. ಅಚ್ಚುಕಟ್ಟಾಗಿರುವುದರಿಂದಲೇ ಸ್ವಲ್ಪ ಅನುಮಾನ. ಕಣ್ಣೀರು ಸುಳ್ಳು ಎನ್ನುತ್ತಿಲ್ಲ. ಆದರೆ ಆ ಕ್ಷಮೆಗೆ ಬೆಲೆ ಬಂದದ್ದು ಹಿಂದಿನ ವಾರಗಳ ಭಯದಿಂದ. ಊರನ್ನೇ ಅಳಿಸಿಹಾಕಬಲ್ಲ ಕೈ ಅಳಿಸಲಿಲ್ಲ ಎಂಬುದೇ ಅಲ್ಲಿ ಹಬ್ಬ. ಮೊದಲ ದಿನಗಳಲ್ಲೇ ಸುಟ್ಟುಹೋದವರು, ಮೃಗಗಳ ಬಾಯಿಗೆ ಬಿದ್ದವರು ಕ್ಷಮೆಯ ಲೆಕ್ಕಕ್ಕೆ ಬರಲಿಲ್ಲ. ಅವರು ಬಡವರು, ಅವರಿಗೆ ಕುದುರೆ ಅಡ್ಡಗಟ್ಟುವ ಸನ್ಯಾಸಿ ಇರಲಿಲ್ಲ. ಬೆಟ್ಟದಿಂದ ಸಂತರು ಇಳಿದದ್ದು ನಗರಸಭೆಯ ಯಜಮಾನರು ಸಂಕೋಲೆಯಲ್ಲಿದ್ದಾಗ.

ಮೂರು ವರ್ಷದ ನಂತರ, 390ರಲ್ಲಿ, ಅದೇ ಥಿಯೊಡೋಸಿಯಸ್, ಈ ಸಲ ಗ್ರೀಸಿನ ಥೆಸಲೋನಿಕ. ಇಲ್ಲಿ ತೆರಿಗೆಯೂ ಅಲ್ಲ, ರೊಟ್ಟಿಯೂ ಅಲ್ಲ. ಜನಪ್ರಿಯ ಸಾರಥಿಯೊಬ್ಬನನ್ನು ದಂಡನಾಯಕ ಬುಥೆರಿಕ್ ಸೆರೆಗೆ ಹಾಕಿದ್ದ. ರಥಪಂದ್ಯ ಬಂತು, ಅವನನ್ನು ಬಿಡಿ ಎಂದು ಜನ ಕೂಗಿದರು, ಅವನು ಬಿಡಲಿಲ್ಲ. ಜನ ಬುಥೆರಿಕ್‌ನನ್ನೇ ಕೊಂದರು. ಸುದ್ದಿ ಹೋದಾಗ ಚಕ್ರವರ್ತಿ ದೂರದ ಮಿಲಾನ್‌ನಲ್ಲಿದ್ದ. ಕೋಪದಲ್ಲಿ ಆಜ್ಞೆ ಹೊರಟಿತು. ಸೈನಿಕರು ಸಿಕ್ಕಸಿಕ್ಕವರನ್ನು ಕಡಿದರು. ಸತ್ತವರು 7,000 ಎಂದು ಚರ್ಚಿನ ಚರಿತ್ರೆಕಾರ ಥಿಯೊಡೊರೆಟ್ ಬರೆಯುತ್ತಾನೆ. ಅರ್ಧ ಶತಮಾನದ ಮೇಲೆ ಬರೆದದ್ದಾದ್ದರಿಂದ ಅಂಕಿಯನ್ನು ಗಟ್ಟಿಯಾಗಿ ಹಿಡಿಯಬೇಕಾಗಿಲ್ಲ. ಸೊಜೊಮೆನ್ ಹೇಳುವ ಒಂದು ಘಟನೆಯಲ್ಲಿ, ವ್ಯಾಪಾರಿಯೊಬ್ಬನ ಇಬ್ಬರು ಗಂಡುಮಕ್ಕಳು ಸಿಕ್ಕಿಬಿದ್ದಿದ್ದಾರೆ. ನನ್ನನ್ನು ಕೊಂದು ಅವರನ್ನು ಬಿಡಿ ಎನ್ನುತ್ತಾನೆ ತಂದೆ. ನಮಗೆ ತಲೆ ಎಣಿಕೆ ಸರಿಹೋಗಬೇಕು, ಇಬ್ಬರಲ್ಲಿ ಒಬ್ಬನನ್ನು ಆರಿಸು ಎನ್ನುತ್ತಾರೆ ಸೈನಿಕರು. ತಂದೆಗೆ ಆರಿಸಲು ಆಗಲಿಲ್ಲ, ಇಬ್ಬರೂ ಹೋದರು.

ಮಿಲಾನ್‌ನ ಬಿಷಪ್ ಆಂಬ್ರೋಸ್ ಚಕ್ರವರ್ತಿಗೆ ಸ್ವಂತ ಕೈಯಿಂದ ಒಂದು ಪತ್ರ ಬರೆದ. ನೀನು ಎದುರಿಗಿದ್ದರೆ ನಾನು ಪೂಜೆ ಅರ್ಪಿಸಲಾರೆ, ಪ್ರಾಯಶ್ಚಿತ್ತ ಮಾಡಿಕೋ ಎಂದು. ಚರ್ಚಿನ ಬಾಗಿಲಲ್ಲಿ ಅಡ್ಡನಿಂತು ತಡೆದ ದೃಶ್ಯವನ್ನು ಚಿತ್ರಕಾರರು ಮತ್ತೆ ಮತ್ತೆ ಬಿಡಿಸಿದ್ದಾರೆ. ಅದು ಆಮೇಲೆ ಬೆಳೆದ ಕಥೆ, ಪತ್ರ ಮಾತ್ರ ನಿಜ. ಥಿಯೊಡೋಸಿಯಸ್ ರಾಜಚಿಹ್ನೆ ತೆಗೆದಿಟ್ಟು ಜನರ ಎದುರು ಪಶ್ಚಾತ್ತಾಪಪಟ್ಟ. ಮರಣದಂಡನೆಯ ಆಜ್ಞೆಯನ್ನು 30 ದಿನ ತಡೆದು ಆಮೇಲೆ ಜಾರಿ ಮಾಡಬೇಕು ಎಂಬ ಕಾನೂನನ್ನು ಈ ಘಟನೆಗೆ ಜೋಡಿಸಿ ಹೇಳುವುದುಂಟು, ಸಂಹಿತೆಯಲ್ಲಿ ಅದಕ್ಕಿರುವ ತಾರೀಖು ಬೇರೆ.

ಅದೇ ಮನುಷ್ಯ ಅಂತಿಯೋಕ್ಯದಲ್ಲಿ ದಯಾಳು, ಥೆಸಲೋನಿಕದಲ್ಲಿ ಕಟುಕ, ಮಿಲಾನ್‌ನಲ್ಲಿ ಪಶ್ಚಾತ್ತಾಪಿ. ಸ್ವಭಾವದಿಂದ ಇದನ್ನು ವಿವರಿಸಲಾಗದು. ಅಂತಿಯೋಕ್ಯದಲ್ಲಿ ಬಿದ್ದದ್ದು ಕಂಚು, ಥೆಸಲೋನಿಕದಲ್ಲಿ ಬಿದ್ದದ್ದು ದಂಡನಾಯಕನ ಹೆಣ, ಇದು ಒಂದು ಕಾರಣ. ಇನ್ನೊಂದು ಕಾರಣ ಸಮಯ. ಅಂತಿಯೋಕ್ಯದಲ್ಲಿ ತನಿಖೆ ನಡೆಯಿತು, ಅಧಿಕಾರಿಗಳು ಓಡಾಡಿದರು, ಬಿಷಪ್ ಬಂದ, ಕೋಪ ಆರಲು ವಾರಗಳು ಸಿಕ್ಕವು. ಥೆಸಲೋನಿಕಕ್ಕೆ ನೇರ ಆಜ್ಞೆಯೇ ಹೋಯಿತು. ತಡಮಾಡುವ ಮನುಷ್ಯರು ನಡುವೆ ಯಾರೂ ಇರಲಿಲ್ಲ.

ಇನ್ನು ಕಾನ್‌ಸ್ಟಾಂಟಿನೋಪಲ್. ಇದನ್ನು ಬೇಗ ಹೇಳುತ್ತೇನೆ, ಬಹಳ ಮಂದಿಗೆ ಗೊತ್ತಿರುವುದರಿಂದ. ಅಲ್ಲಿ ಅರಮನೆಯಿಂದ ನೇರವಾಗಿ ರಥಪಂದ್ಯದ ಮೈದಾನದ ರಾಜಪೀಠಕ್ಕೆ ದಾರಿಯಿತ್ತು. ರಥಪಂದ್ಯದ ತಂಡಗಳ ಬಣ್ಣದಂತೆ ಜನ ಎರಡು ಪಂಗಡ, ನೀಲಿಯವರು ಮತ್ತು ಹಸಿರಿನವರು. ಕೂಗಿಗೆ ಚಕ್ರವರ್ತಿ ಘೋಷಕನೊಬ್ಬನ ಬಾಯಿಂದ ಉತ್ತರಿಸುತ್ತಿದ್ದ. ಹಸಿರಿನವರಿಗೂ ಚಕ್ರವರ್ತಿ ಜಸ್ಟಿನಿಯನ್‌ನ ಘೋಷಕನಿಗೂ ನಡೆದ ಇಂಥ ಒಂದು ಸವಾಲ್ ಜವಾಬ್ ಪೂರ್ತಿಯಾಗಿ ದಾಖಲಾಗಿದೆ. ದೂರಿನಿಂದ ಶುರುವಾಗಿ, ಬೈಗುಳಕ್ಕೆ ತಿರುಗಿ, ಹಸಿರಿನವರು ಎದ್ದು ಹೊರನಡೆಯುವುದರಲ್ಲಿ ಮುಗಿಯುತ್ತದೆ.

512ರಲ್ಲಿ ಅನಸ್ತಾಸಿಯಸ್ ಚಕ್ರವರ್ತಿ ಪ್ರಾರ್ಥನೆಯ ಒಂದು ಸಾಲಿಗೆ ಹೊಸ ಮಾತು ಸೇರಿಸಲು ಹೋಗಿ ರಾಜಧಾನಿ ಹೊತ್ತಿ ಉರಿಯಿತು. ಎಂಬತ್ತು ದಾಟಿದ ಆ ಮುದುಕ ಕಿರೀಟವಿಲ್ಲದೆ ಮೈದಾನಕ್ಕೆ ಬಂದು ಕೂತ. ನಾನು ಇಳಿಯಲು ಸಿದ್ಧ, ಎಲ್ಲರೂ ಚಕ್ರವರ್ತಿಗಳಾಗಲಾಗದು, ಯಾರೆಂದು ನೀವೇ ಹೇಳಿ ಎಂದು ಸಾರಿಸಿದ. ಜನ ಕರಗಿ, ಕಿರೀಟ ಹಾಕಿಕೋ ಎಂದು ಬೇಡಿಕೊಂಡರು.

ಇಪ್ಪತ್ತು ವರ್ಷದ ನಂತರ, 532ರ ಜನವರಿಯಲ್ಲಿ, ಜಸ್ಟಿನಿಯನ್ ಇದೇ ಆಟ ಆಡಲು ಹೋದ. ನೇಣಿನ ಹಗ್ಗ ಹರಿದು ಬದುಕುಳಿದ ಇಬ್ಬರು, ಒಬ್ಬ ನೀಲಿ ಒಬ್ಬ ಹಸಿರು, ಅವರಿಗೆ ಕ್ಷಮೆ ಕೊಡಿ ಎಂದು ಜನ ಕೇಳಿದ್ದರು. ಜನವರಿ 13ರ ಪಂದ್ಯಗಳಲ್ಲಿ ಇಡೀ ದಿನ ಕೂಗಿದರೂ ಉತ್ತರ ಬರಲಿಲ್ಲ. 22ನೇ ಓಟದ ಹೊತ್ತಿಗೆ ಎರಡು ಪಂಗಡಗಳೂ ಒಂದಾಗಿ ಜಯಕಾರ ಹಾಕತೊಡಗಿದವು. ‘ನಿಕಾ’, ಗೆಲ್ಲು, ಎಂಬುದು ಸಂಕೇತದ ಮಾತಾಯಿತು. ಊರಿಗೆ ಬೆಂಕಿ ಬಿತ್ತು. ಹಳೆಯ ಹಾಗಿಯಾ ಸೋಫಿಯಾ ಚರ್ಚು ಸುಟ್ಟುಹೋಯಿತು. ತೆರಿಗೆ ಹಿಂಡುತ್ತಿದ್ದ ಕಪದೋಕ್ಯದ ಜಾನ್‌ನನ್ನು ತೆಗೆಯಿರಿ ಎಂದರು, ಜಸ್ಟಿನಿಯನ್ ತೆಗೆದ. ಆದರೆ ಅದೇ ಹೊತ್ತಿಗೆ ಬೀದಿಗೆ ಸೈನಿಕರನ್ನೂ ಬಿಟ್ಟಿದ್ದ. ಹೀಗಾಗಿ ಭಾನುವಾರ, 18ರಂದು, ಸುವಾರ್ತೆಯ ಪುಸ್ತಕ ಹಿಡಿದು ಮೈದಾನಕ್ಕೆ ಬಂದು, ತಪ್ಪು ನನ್ನದು, ಎಲ್ಲರನ್ನೂ ಕ್ಷಮಿಸಿದ್ದೇನೆ ಎಂದು ಆಣೆ ಮಾಡಿದಾಗ ಉತ್ತರ ಬಂದದ್ದು ಹೀಗೆ: “ಸುಳ್ಳು ಆಣೆ ಹಾಕ್ತಿದ್ದೀಯ, ಕತ್ತೆ!” ಜನ ಹೈಪೇಷಿಯಸ್ ಎಂಬವನ ತಲೆಗೆ ಪಟ್ಟ ಕಟ್ಟಿದರು. ಓಡಿಹೋಗುವ ಯೋಚನೆಯಲ್ಲಿದ್ದ ಗಂಡನನ್ನು ಥಿಯೊಡೋರಾ ತಡೆದ ಪ್ರಸಂಗ ನಿಮಗೆ ಗೊತ್ತಿರಬಹುದು. ಆಸ್ಥಾನದ ಅಧಿಕಾರಿ ನಾರ್ಸೆಸ್ ಚಿನ್ನ ಹಂಚಿ ನೀಲಿಯವರಲ್ಲಿ ಕೆಲವರನ್ನು ಒಡೆದ, ದಂಡನಾಯಕರಾದ ಬೆಲಿಸೇರಿಯಸ್ ಮತ್ತು ಮುಂಡಸ್ ಸೈನಿಕರೊಂದಿಗೆ ಮೈದಾನಕ್ಕೆ ನುಗ್ಗಿದರು. ಸತ್ತವರು 30,000ಕ್ಕೂ ಹೆಚ್ಚು ಎನ್ನುತ್ತಾನೆ ಆ ಕಾಲದ ಚರಿತ್ರೆಕಾರ ಪ್ರೊಕೋಪಿಯಸ್. ಕೂಗುವುದಕ್ಕೆಂದೇ ಕಟ್ಟಿದ ಜಾಗದಲ್ಲಿ ಕೂಗಿದವರನ್ನು ಕಡಿದದ್ದು.

ಮಾತು ಮುಗಿದ ಮೇಲೆ ಸಭಿಕರೊಬ್ಬರು ಕೇಳಿದರು: ಈ ಪುಂಡರ ಗುಂಪನ್ನು ನೀವು ಸ್ವಲ್ಪ ಹೆಚ್ಚೇ ಗೌರವದಿಂದ ನೋಡುತ್ತಿಲ್ಲವೇ, ರಥಪಂದ್ಯಕ್ಕೆ ಹೊಡೆದಾಡುವವರಿಗೆ ಊರಿನ ಹಿತದ ಪರಿವೆ ಎಲ್ಲಿಂದ? ಒಳ್ಳೆಯ ಪ್ರಶ್ನೆ. ಅವರಲ್ಲಿ ಕೊಲೆಗಾರರಿದ್ದರು, ದರೋಡೆಕೋರರಿದ್ದರು, ಅನುಮಾನವಿಲ್ಲ. ಉತ್ತರವಾಗಿ ನಾನು ಮತ್ತೆ ಅಂತಿಯೋಕ್ಯಕ್ಕೇ ಹೋದೆ, 540ನೇ ಇಸವಿಗೆ.

ಆ ವರ್ಷ ಪರ್ಷಿಯಾದ ದೊರೆ ಖುಸ್ರೋ ಅಂತಿಯೋಕ್ಯಕ್ಕೆ ಮುತ್ತಿಗೆ ಹಾಕಿದ. ಗೋಪುರಗಳ ನಡುವೆ ತೂಗುಹಾಕಿದ್ದ ಮರದ ಅಟ್ಟಣಿಗೆ ಮುರಿದುಬಿತ್ತು, ಗೋಡೆಯೇ ಬಿತ್ತೆಂದು ಕಾವಲಿದ್ದವರು ಹೆದರಿದರು. ಕಾವಲಿಗೆ ಬಂದಿದ್ದ ಚಕ್ರವರ್ತಿಯ ಸೈನಿಕರು ಕುದುರೆ ಹತ್ತಿ ಇನ್ನೊಂದು ಬಾಗಿಲಿಂದ ಪರಾರಿಯಾದರು. ಊರೊಳಗೆ ನಿಂತು ಹೋರಾಡಿದವರು ರಥಪಂದ್ಯದ ಮೈದಾನದಲ್ಲಿ ಹೊಡೆದಾಡುತ್ತಿದ್ದ ಅದೇ ಹುಡುಗರು. ಕೆಲವರಿಗೆ ಕವಚವಿತ್ತು, ಹೆಚ್ಚಿನವರ ಕೈಯಲ್ಲಿ ಬರೀ ಕಲ್ಲು. ಒಂದು ಹಂತದಲ್ಲಿ ಪರ್ಷಿಯನ್ನರನ್ನು ಹಿಂದಕ್ಕೆ ತಳ್ಳಿದರು ಕೂಡ. ಗೆದ್ದೆವು ಅಂದುಕೊಂಡು ಅವರು ಕೂಗಿದ್ದು, ಪ್ರೊಕೋಪಿಯಸ್ ಹೇಳುವಂತೆ, ಜಸ್ಟಿನಿಯನ್‌ಗೆ ಜಯವಾಗಲಿ ಎಂದು. ಹೊರಗೆ ಖುಸ್ರೋ ತನ್ನ ಒಳ್ಳೆಯ ಪಡೆಯನ್ನು ಕಳಿಸಿದ. ಊರು ಸುಟ್ಟಿತು. ಬದುಕುಳಿದವರನ್ನು ಅವನು ಪರ್ಷಿಯಾಕ್ಕೆ ಒಯ್ದು ತನ್ನ ರಾಜಧಾನಿ ಕ್ಟೆಸಿಫೋನ್ ಬಳಿ ಅವರಿಗಾಗಿ ಹೊಸ ಊರನ್ನೇ ಕಟ್ಟಿಸಿದ, ಅದರಲ್ಲಿ ಒಂದು ಸ್ನಾನಗೃಹ, ಒಂದು ರಥಪಂದ್ಯದ ಮೈದಾನ.

ಮೈದಾನದ ಮಹಿಮೆ ಖುಸ್ರೋಗೆ ಚೆನ್ನಾಗಿ ಗೊತ್ತಿತ್ತು. ಅದೇ ದಂಡಯಾತ್ರೆಯಲ್ಲಿ ಅವನು ಅಪಾಮಿಯಾ ಎಂಬ ಊರಿಗೆ ಹೋದಾಗ ರಥಪಂದ್ಯ ಏರ್ಪಡಿಸಲು ಹೇಳಿ ತಾನೂ ಪ್ರೇಕ್ಷಕನಾಗಿ ಕೂತ. ಜಸ್ಟಿನಿಯನ್ ನೀಲಿಯವರ ಪಕ್ಷ ಎಂದು ಕೇಳಿದ್ದರಿಂದ, ಹಸಿರು ಗೆಲ್ಲಬೇಕು ಎಂಬ ಹಟ. ಓಟ ಶುರುವಾಯಿತು, ನೀಲಿ ಸಾರಥಿ ಮುಂದೆ ಹೋದ. ಕೈಸರ್, ಅಂದರೆ ರೋಮನ್ ಚಕ್ರವರ್ತಿ, ಅನ್ಯಾಯವಾಗಿ ಮುಂದೆ ಹೋಗಿದ್ದಾನೆ ಎಂದು ಖುಸ್ರೋ ಸಿಟ್ಟಿನಿಂದ ಕೂಗಿ, ಮುಂದಿದ್ದ ಕುದುರೆಗಳನ್ನು ತಡೆದು ನಿಲ್ಲಿಸಲು ಆಜ್ಞೆ ಮಾಡಿದ. ಹಸಿರು ಗೆದ್ದಿತು.